ಹೊರಗೆ ಮಲಗುವವನು

ಕಲ್ಲು ನೆಲದ ಸೀಮೆ. ಬೇಸಿಗೆಗೆ ಬತ್ತಿ ಹೋಗುವ ಒಂದು ಹಳ್ಳ. ಹಳ್ಳದ ದಂಡೆಗೆ ಒಂದು ಸಣ್ಣ ಆಶ್ರಮ.

ಅಲ್ಲಿದ್ದ ಗುರುವನ್ನು ಸುತ್ತಲಿನ ಜನ ಮುತ್ಯಾ ಎಂದು ಕರೆಯುತ್ತಿದ್ದರು. ಅಜ್ಜನನ್ನು ಆ ಕಡೆ ಕರೆಯುವುದೇ ಹಾಗೆ.

ಶಿಷ್ಯರಲ್ಲಿ ಸಾಯಬಣ್ಣ ಎಂಬವನಿದ್ದ. ನಲವತ್ತರ ಹತ್ತಿರದ ಗಂಡಸು. ಮಾತು ಕಡಿಮೆ. ಆಶ್ರಮದ ಕಾಯಿಪಲ್ಲೆ ಬೆಳೆಯುವುದು ಅವನ ಕೆಲಸ. ಚಳಿಯಿರಲಿ, ಮಳೆಯಿರಲಿ, ಅವನು ಬೇವಿನ ಮರದ ಕೆಳಗೇ ಮಲಗುತ್ತಿದ್ದ. ಮಳೆ ಜೋರಾದರೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಕೂತಿರುತ್ತಿದ್ದ. ಯಾಕೆಂದು ಯಾರೂ ಕೇಳಿರಲಿಲ್ಲ. ಮುತ್ಯಾನೂ ಕೇಳಿರಲಿಲ್ಲ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನೆಲ ಗುಡುಗತೊಡಗಿತು.

ಮೋಡ ಗುಡುಗಿದರೆ ತಲೆ ಎತ್ತಿ ನೋಡಬಹುದು. ಇದು ಕಾಲ ಕೆಳಗಿನಿಂದ ಬಂತು. ಹೇರು ತುಂಬಿದ ಬಂಡಿಯೊಂದು ನೆಲದೊಳಗೆ ಹಾದು ಹೋದ ಹಾಗೆ ಸದ್ದಾಯಿತು. ಗೋಡೆಯ ಮಾಡದಲ್ಲಿದ್ದ ತಂಬಿಗೆಗಳು ಒಂದಕ್ಕೊಂದು ತಾಗಿದವು. ಕಟ್ಟಿದ ಎಮ್ಮೆ ಹಗ್ಗ ಜಗ್ಗಿತು. ಆಮೇಲೆ ಏನೂ ಇಲ್ಲ.

ಮೂರ್ನಾಲ್ಕು ದಿನ ಬಿಟ್ಟು ಮತ್ತೆ ಬಂತು. ಆಮೇಲೆ ದಿನ ಬಿಟ್ಟು ದಿನ ಬಂತು.

ಪಟ್ಟಣದಿಂದ ಅಧಿಕಾರಿಗಳು ಬಂದರು. ಶಾಲೆಯ ಅಂಗಳದಲ್ಲಿ ಒಂದು ಯಂತ್ರ ಇಟ್ಟರು. ಜನರನ್ನು ಸೇರಿಸಿ ಹೇಳಿದರು:

"ಸಣ್ಣವು ಹೀಗೇ ಬರ್ತಾ ಇರಬಹುದು. ದೊಡ್ಡದು ಬರಬಹುದು, ಬರದೆಯೂ ಇರಬಹುದು. ಯಾವಾಗ ಅಂತ ಯಾರೂ ಹೇಳೋಕಾಗಲ್ಲ. ಅಲ್ಲೀವರೆಗೆ ಮನೆಯೊಳಗೆ ಮಲಗಬೇಡಿ."

"ಎಲ್ಲೀವರೆಗೆ?" ಎಂದು ಒಬ್ಬ ಮುದುಕಿ ಕೇಳಿದಳು.

ಅಧಿಕಾರಿಗಳು ಜೀಪು ಹತ್ತಿದರು.

ಆ ಕಡೆಯ ಮನೆಗಳೆಲ್ಲ ಕಲ್ಲಿನ ಗೋಡೆಯವು, ಮೇಲೆ ಮಣ್ಣಿನ ಮಾಳಿಗೆ. ಜನ ಹಾಸಿಗೆ ಸುತ್ತಿಕೊಂಡು ಹೊಲಕ್ಕೆ ಬಂದರು. ಸೀರೆ ಕಟ್ಟಿ ಮರೆ ಮಾಡಿಕೊಂಡರು. ಮೂರು ಕಲ್ಲಿಟ್ಟು ಒಲೆ ಹೂಡಿದರು.

ಮನೆ ಅಲ್ಲೇ ಇತ್ತು. ಕೂಗಿದರೆ ಕೇಳುವಷ್ಟು ಹತ್ತಿರ. ಆದರೂ ದೂರದೇಶಕ್ಕೆ ಹೋದವರ ಹಾಗೆ ಅವರು ಅದನ್ನು ನೆನೆಯುತ್ತಿದ್ದರು. ಹಗಲು ಹೊತ್ತಿನಲ್ಲಿ ಹೆಂಗಸರು ಹೋಗಿ ತಮ್ಮ ತಮ್ಮ ಹೊಸ್ತಿಲ ಮೇಲೆ ಸ್ವಲ್ಪ ಹೊತ್ತು ಕೂತು, ಬಾಗಿಲ ಚೌಕಟ್ಟು ಸವರಿ, ಎದ್ದು ಬರುತ್ತಿದ್ದರು.

ಮುತ್ಯಾ ತನ್ನ ಮಂಚವನ್ನು ಅಂಗಳಕ್ಕೆ ತರಿಸಿದ. ಬೇವಿನ ಮರದ ಕೆಳಗೆ, ಸಾಯಬಣ್ಣನ ಚಾಪೆಯ ಪಕ್ಕ.

ಸಾಯಬಣ್ಣ ಬೆರಗಾಗಿ ಕೇಳಿದ: "ಮುತ್ಯಾ, ನೀವೂ ಹೊರಗ ಬಂದ್ರಿ?"

"ಬಂದೆ."

"ನಿಮಗೂ ಹೆದರಿಕಿ ಅದ?"

"ಗೋಡೆಗಿ ಗುರು ಯಾರು, ಶಿಷ್ಯ ಯಾರು ಗೊತ್ತಾಗೂದಿಲ್ಲ ತಮ್ಮಾ. ಸ್ವಲ್ಪ ಸರಿ, ಮಂಚದ ಕಾಲು ಊರವಲ್ದು."

ಸಾಯಬಣ್ಣ ಸರಿದ.

ಊರ ಜನ ಈಗ ಅವನನ್ನು ಕಂಡು, "ನೀನೇ ಶ್ಯಾಣ್ಯಾ ನೋಡಪಾ, ಮೊದಲಿಂದ ಹೊರಗೇ ಮಲಗಿದಿ" ಎನ್ನುತ್ತಿದ್ದರು. ಅದನ್ನು ಕೇಳಿ ಅವನ ಮುಖ ಇನ್ನಷ್ಟು ಬಾಡುತ್ತಿತ್ತು.

ದಿನ ಕಳೆದಂತೆ ಅವನು ಕೆಲಸ ಬಿಟ್ಟ. ಮೆಂತ್ಯದ ಮಡಿ ಒಣಗಿತು. ಹೊತ್ತುಗಟ್ಟಲೆ ನೆಲಕ್ಕೆ ಕಿವಿ ಹಚ್ಚಿ ಮಲಗಿರುತ್ತಿದ್ದ. ಊಟಕ್ಕೆ ಕರೆದರೆ ಕೈ ಎತ್ತಿ, ಸುಮ್ಮನಿರಿ ಎನ್ನುತ್ತಿದ್ದ. ಒಂದೆರಡು ಸಲ "ಬಂತು!" ಎಂದು ಕೂಗಿ ಎದ್ದ. ಎಲ್ಲರೂ ಓಡಿದರು. ಬಂದದ್ದು ದೂರದ ರಸ್ತೆಯ ಲಾರಿ.

ಒಂದು ಮಧ್ಯಾಹ್ನ ಮುತ್ಯಾ ಬಂದು ಅವನ ಪಕ್ಕದಲ್ಲಿ ತಾನೂ ನೆಲಕ್ಕೆ ಕಿವಿ ಹಚ್ಚಿ ಮಲಗಿದ. ಬಿಳಿ ಗಡ್ಡಕ್ಕೆಲ್ಲ ಮಣ್ಣು ಮೆತ್ತಿತು. ಬಹಳ ಹೊತ್ತು ಹಾಗೇ ಇದ್ದ.

ಸಾಯಬಣ್ಣ ಮೆಲ್ಲಗೆ ಕೇಳಿದ: "ಏನರೆ ಕೇಳಿಸ್ತು ಮುತ್ಯಾ?"

"ಕೇಳಿಸ್ತು. ಗುರ್ ಗುರ್ ಅಂತದ."

"ಎಷ್ಟು ಆಳದಾಗ?"

"ಭಾಳ ಆಳ ಇಲ್ಲ. ನಿನ್ನ ಹೊಟ್ಟ್ಯಾಗ. ಏಳು, ಉಣ್ಣು ನಡಿ."

ಸಾಯಬಣ್ಣ ನಗಲಿಲ್ಲ. ಎದ್ದು ಕೂತ. ಅವನ ಕಣ್ಣಲ್ಲಿ ನೀರು ತುಂಬಿತ್ತು.

"ನನ್ನಿಂದ ಆಗವಲ್ದು ಮುತ್ಯಾ. ಬರೂದಿದ್ದರ ಬಂದೇ ಬಿಡಲಿ. ಇವತ್ತೇ ಬರಲಿ. ಎಲ್ಲಾ ಬಿದ್ದು ಹೋಗಲಿ. ಕಾಯೂದು ತಪ್ಪತದ."

ಮುತ್ಯಾ ಗಡ್ಡದ ಮಣ್ಣು ಕೊಡವಿಕೊಂಡ.

"ಎಷ್ಟು ದಿವಸದಿಂದ ಕಾಯಲಿಕತ್ತಿ?"

"ಮಳಿಗಾಲ ಮುಗಿದಾಗಿಂದ."

"ನೆಲ ಗುಡುಗಿದ್ದು ಮಳಿಗಾಲ ಮುಗಿದಾಗ. ನೀ ಈ ಮರದ ಕೆಳಗ ಮಲಗಿದ್ದು ಅದಕ್ಕಿಂತ ಮೊದಲು."

ಸಾಯಬಣ್ಣ ಮರದ ಕಡೆ ನೋಡಿದ. ಆಮೇಲೆ ಹೇಳಿದ. ಯಾರಿಗೂ ಹೇಳದ್ದನ್ನು ಅಂದು ಹೇಳಿದ.

ಅವನು ಹುಟ್ಟಿದ ಊರು ಬೇರೆ, ದೂರದ್ದು. ಅವನು ಸಣ್ಣವನಿದ್ದಾಗ ಒಂದು ನಸುಕಿನಲ್ಲಿ ನೆಲ ನಡುಗಿ ಆ ಊರು ಬಿತ್ತು. ಹಿಂದಿನ ಸಂಜೆ ಅವನು ಹಟ ಮಾಡಿ ಹೊಲದ ಮಂಚಿಕೆಯ ಮೇಲೆ ಮಲಗಲು ಹೋಗಿದ್ದ. ಬೆಳಗ್ಗೆ ಬಂದು ನೋಡಿದರೆ ಮನೆಯ ಜಾಗದಲ್ಲಿ ಕಲ್ಲಿನ ಗುಡ್ಡೆ. ತಾಯಿ, ತಂದೆ ಅದರ ಕೆಳಗೆ.

ಸೋದರತ್ತೆ ಶಿವಬಾಯಿ ಬಂದು ಅವನನ್ನು ತನ್ನ ಊರಿಗೆ ಕರೆದೊಯ್ದಳು. ತನ್ನ ಮಗಳು ಚಂದಮ್ಮನ ಜೊತೆಗೇ ಬೆಳೆಸಿದಳು. ಅತ್ತೆ ಮಾವನ ನಡುವೆ ಮಲಗಿಸಿದರೆ ಅವರಿಗೆ ನಿದ್ದೆ ಬರುವವರೆಗೆ ಸುಮ್ಮನಿರುತ್ತಿದ್ದ, ಆಮೇಲೆ ಎದ್ದು ಅಂಗಳಕ್ಕೆ ಹೋಗುತ್ತಿದ್ದ. ದೊಡ್ಡವನಾದರೂ ಅದು ಬಿಡಲಿಲ್ಲ. ಚಂದಮ್ಮನನ್ನೇ ಅವನಿಗೆ ಕೊಟ್ಟು ಮದುವೆ ಮಾಡಿದರು. ಮದುವೆಯಾದ ಮೇಲೂ, ಮಾವ ತೀರಿಕೊಂಡ ಮೇಲೂ ಅವನ ಹಾಸಿಗೆ ಅಂಗಳದಲ್ಲೇ.

"ಮೊದಮೊದಲು ಆಕಿನೂ ಹೊರಗ ಬರ್ತಿದ್ದಳು ಮುತ್ಯಾ. ಮಳ್ಯಾಗ ನನ್ನ ಜೋಡಿ ಕೊಪ್ಪೆ ಹಾಕ್ಕೊಂಡು ಕೂಡ್ತಿದ್ದಳು. ಊರವರು ನಕ್ಕರು. ಆಕಿ ನಗಲಿಲ್ಲ. ಒಂದು ಮಳಿಗಾಲ ಆಕಿಗಿ ಜ್ವರ ಬಂತು. ಒಳಗ ಮಲಗಿದಳು. ಬಾಗಿಲಿಗಿ ಬಂದು ನಿಂತು, 'ಒಂದಿನ ಬಾ. ನನ್ನ ಮಗ್ಗಲದಾಗ ಸುಮ್ಮನ ಕೂಡು' ಅಂದಳು. ನಾ ಹೊಸ್ತಿಲದ ತನಕ ಹೋದೆ. ಮ್ಯಾಲ ತೊಲಿ ಕಂಡವು. ಕಾಲು ಬರಲಿಲ್ಲ."

"ಆಮ್ಯಾಲ?"

"ಆಕಿ ಒಳಗ ಹೋಗಿ ಮಲಗಿದಳು. ಬಾಗಿಲ ಮಾತ್ರ ಮುಚ್ಚಲಿಲ್ಲ. ನನಗ ಆ ತೆರೆದ ಬಾಗಿಲ ನೋಡಲಿಕ್ಕ ಆಗಲಿಲ್ಲ. ಆಕಿ ಆರಾಮ ಆದ ಮ್ಯಾಲ ಒಂದಿನ ಹೇಳದೇ ಎದ್ದು ಇಲ್ಲಿ ಬಂದೆ."

ಮುತ್ಯಾ ಸಮಾಧಾನ ಹೇಳಲಿಲ್ಲ. ಬೈಯಲೂ ಇಲ್ಲ.

"ಇನ್ನು ಮ್ಯಾಲ ನೆಲಕ್ಕ ಕಿವಿ ಹಚ್ಚಬ್ಯಾಡ" ಎಂದ. "ಅದು ತಾನೇ ಬಂದು ಹೇಳ್ತದ. ಗುಡುಗಿದಾಗ ಒಂದು ಮಾಡು. ಮೊದಲು ಯಾರು ನೆನಪಾದರು, ನನಗ ಬಂದು ಹೇಳು."

ಎರಡು ದಿನಕ್ಕೆ ನೆಲ ಗುಡುಗಿತು. ಸಾಯಬಣ್ಣ ಏದುಸಿರು ಬಿಡುತ್ತ ಬಂದ.

"ಯಾರೂ ನೆನಪಾಗಲಿಲ್ಲ ಮುತ್ಯಾ. ಓಡಿದೆ."

"ಆಗಲಿ."

ಮತ್ತೊಮ್ಮೆ ಗುಡುಗಿತು.

"ನಮ್ಮವ್ವ ನೆನಪಾದಳು. ಮುಖ ನೆನಪಾಗಲಿಲ್ಲ. ಕೈಬಳಿ ಸಪ್ಪಳ ನೆನಪಾತು."

"ಆಗಲಿ."

ಮತ್ತೊಮ್ಮೆ, ಊಟದ ಹೊತ್ತಿನಲ್ಲಿ. ತಟ್ಟೆಗಳು ನಡುಗಿದವು. ಎಲ್ಲರೂ ಎದ್ದು ಬಯಲಿಗೆ ಹೋದರು, ಮತ್ತೆ ಬಂದು ಕೂತರು. ಸಾಯಬಣ್ಣ ಮುತ್ಯಾನ ಎದುರಿಗೆ ಬಂದು ನಿಂತ. ಬಾಯಿ ತೆರೆದ. ಏನೂ ಹೇಳದೆ ತಿರುಗಿ ಹೋದ.

ಮುತ್ಯಾ ಅವನನ್ನು ಕೇಳಲಿಲ್ಲ.

ಅಂದಿನಿಂದ ಸಾಯಬಣ್ಣ ಮತ್ತೆ ಮಡಿಗೆ ನೀರು ಹಾಯಿಸತೊಡಗಿದ. ಆದರೆ ನೀರು ಹಾಯಿಸುತ್ತ ಹಾಯಿಸುತ್ತ ನಿಂತುಬಿಡುತ್ತಿದ್ದ. ಪಶ್ಚಿಮದ ದಾರಿ ನೋಡುತ್ತಿದ್ದ. ಚಂದಮ್ಮನ ಊರು ಆ ಕಡೆಗಿತ್ತು.

ಚಳಿ ಶುರುವಾಗುವಾಗ ಮಾಳಪ್ಪ ಎಂಬ ಕಂಬಳಿ ಮಾರುವವನು ಬಂದ. ಹೆಗಲ ಮೇಲಿನ ಹೊರೆ ಇಳಿಸಿ ಮುತ್ಯಾನ ಕಾಲಿಗೆ ಬಿದ್ದ.

"ವ್ಯಾಪಾರ ಹೆಂಗದ ಮಾಳಪ್ಪಾ?" ಎಂದು ಮುತ್ಯಾ ಕೇಳಿದ.

"ಹೇಳಲಿಕ್ಕ ನಾಚಿಕಿ ಬರ್ತದ ಮುತ್ಯಾ. ಊರಿಗೂರೇ ಹೊರಗ ಮಲಗ್ಯಾವ. ಕಂಬಳಿ ನೇದಷ್ಟೂ ಸಾಲವಲ್ದು. ಮಂದಿ ಸಂಕಟ ನನ್ನ ಹೊಟ್ಟಿ ತುಂಬಸ್ಲಿಕತ್ತದ."

"ಚಳಿಗೆ ಕಂಬಳಿ ಕೊಟ್ಟಿ. ಅದರಾಗ ನಾಚಿಕಿ ಏನು?"

ಮಾಳಪ್ಪ ತಾನು ಸುತ್ತಿದ ಊರುಗಳ ಸುದ್ದಿ ಹೇಳಿದ. ಹೇಳುತ್ತ ಪಶ್ಚಿಮದ ಊರಿಗೆ ಬಂದ.

"ಅಲ್ಲಿ ಒಂದೇ ಮನ್ಯಾಗ ಕಂಬಳಿ ತಗೊಳ್ಳಲಿಲ್ಲ ನೋಡ್ರಿ. ತಾಯಿ ಹಾಸಿಗಿ ಹಿಡಿದಾಳ. ಮಗಳೊಬ್ಬಾಕಿ ನೋಡ್ಕೋತಾಳ. ಮುದುಕಿ ಹೊರಗ ಬರಂಗಿಲ್ಲ ಅಂತಾಳ, ಮಗಳು ತಾಯಿನ ಬಿಡಂಗಿಲ್ಲ. ಇಬ್ಬರೂ ಒಳಗೇ ಮಲಗ್ತಾರ. 'ಹೊರಗ ಮಲಗ್ರೆವ್ವಾ, ಒಂದು ಕಂಬಳಿ ಉದ್ರಿ ಕೊಡ್ತೀನಿ' ಅಂದೆ. ಆಕಿ ಏನಂದಳು ಗೊತ್ತದೇನು?"

ಮಡಿಯಲ್ಲಿ ಬಗ್ಗಿದ್ದ ಸಾಯಬಣ್ಣ ತಲೆ ಎತ್ತಿದ.

"'ನಮ್ಮ ಮನ್ಯಾಗ ಹೊರಗ ಮಲಗೋರು ಒಬ್ಬರೇ ಇದ್ದರು. ಅವರು ಹೋಗ್ಯಾರ' ಅಂದಳು."

ಸಾಯಬಣ್ಣ ಕಳೆ ತೆಗೆಯುತ್ತಿದ್ದ ಕುರುಪಿಯನ್ನು ಮಡಿಯಲ್ಲೇ ಬಿಟ್ಟು ಎದ್ದು ನಿಂತ.

ಮಾಳಪ್ಪ ಹೋದ ಮೇಲೆ ಅವನು ಮುತ್ಯಾನ ಹತ್ತಿರ ಬಂದ.

"ಮುತ್ಯಾ, ಇದೆಲ್ಲಾ ಒಮ್ಮೆ ಮುಗೀಲಿ. ಆಮ್ಯಾಲ ಹೋಗಿ ನೋಡಿ ಬರ್ತೀನಿ."

"ಮುಗೀತದ ಅಂತ ನಿನಗ ಯಾರು ಹೇಳಿದರು?"

ಮುತ್ಯಾ ಎದ್ದು ಹೋಗಿ ಅವನ ಚಾಪೆ ಸುತ್ತಿದ. ಹಗ್ಗದಿಂದ ಕಟ್ಟಿದ. ತಂದು ಅವನ ಹೆಗಲ ಮೇಲಿಟ್ಟ.

"ಅಲ್ಲಿ ಮಾಳಿಗಿ ಅದ ಮುತ್ಯಾ."

"ಹೌದು."

"ಅಲ್ಲೂ ಗುಡುಗ್ತದ."

"ಗುಡುಗ್ತದ."

"ನನಗ ಹೆದರಿಕಿ ಅದ."

"ಅದನ್ನ ಬಿಟ್ಟು ಹೋಗು ಅಂತ ನಾ ಎಲ್ಲಿ ಅಂದೆ? ಅದನ್ನೂ ಕರಕೊಂಡು ಹೋಗು. ದಾರ್ಯಾಗ ಒಬ್ಬನೇ ಆಗಂಗಿಲ್ಲ."

ಮರುದಿನ ಬೆಳಗ್ಗೆ ಸಾಯಬಣ್ಣ ಹೊರಟ. ಹಳ್ಳ ದಾಟಿದ. ತೊಗರಿ ಹೊಲಗಳ ನಡುವೆ ನಡೆದ. ದಾರಿಯುದ್ದಕ್ಕೂ ಹೊಲಗಳಲ್ಲಿ ಜನರ ಬಿಡಾರ. ಎರಡು ಸಲ ಹಿಂದಿರುಗಿ ನೋಡಿದ. ಎರಡೂ ಸಲ ಮುಂದೆ ನಡೆದ.

ಬಿಸಿಲು ಇಳಿಯುವಾಗ ಆ ಮನೆಯ ಮುಂದೆ ನಿಂತ.

ಚಂದಮ್ಮ ಅಂಗಳದಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕಿವಿಯ ಪಕ್ಕ ಕೂದಲು ಬೆಳ್ಳಗಾಗಿತ್ತು. ಅವನನ್ನು ನೋಡಿದಳು. ಮೊರ ಕೆಳಗಿಡಲಿಲ್ಲ.

"ಬಂದಿ?" ಎಂದಳು.

"ಬಂದೆ."

ಅವಳು ಕೇರುವುದನ್ನು ಮುಂದುವರಿಸಿದಳು. ಕಾಳು ಒಂದು ಕಡೆ, ಹೊಟ್ಟು ಒಂದು ಕಡೆ. ಅವನು ಚಾಪೆ ಹೊತ್ತುಕೊಂಡೇ ನಿಂತಿದ್ದ.

ಒಳಗಿನಿಂದ ಮುದುಕಿಯ ದನಿ ಬಂತು: "ಯಾರವ್ವಾ ಅದು?"

"ಸಾಯಬಣ್ಣ ಬಂದಾನ."

ಒಳಗೆ ಮಂಚ ಕಿರುಗುಟ್ಟಿತು. "ಒಳಗ ಬಾ ಅನ್ನು."

"ಅಂವ ಒಳಗ ಬರಂಗಿಲ್ಲಲ್ಲವ್ವಾ" ಎಂದಳು ಚಂದಮ್ಮ. ಅದರಲ್ಲಿ ಸಿಟ್ಟಿರಲಿಲ್ಲ. ಇಂದು ಸೋಮವಾರ ಎಂದ ಹಾಗೆ ಇತ್ತು.

"ಹಂಗಾದರ ನಾ ಹೆಂಗ ನೋಡ್ಲಿ ಅವನ್ನ? ನನ್ನ ಕುತ್ತಿಗಿ ಬಾಗಿಲ ಕಡಿ ತಿರಗಂಗಿಲ್ಲ."

ಸಾಯಬಣ್ಣ ಚಾಪೆ ಇಳಿಸಿದ. ಹೊಸ್ತಿಲಿಗೆ ಬಂದ. ಒಳಗೆ ಕತ್ತಲೆ. ಮೇಲೆ ತೊಲೆಗಳು, ಅವುಗಳ ಮೇಲೆ ಜಂತೆ, ಜಂತೆಯ ಮೇಲೆ ಇಷ್ಟು ಮಣ್ಣು. ಕಣ್ಣು ಮುಚ್ಚಿಕೊಂಡರೆ ಹೋಗಬಹುದು ಎನಿಸಿತು. ಮುಚ್ಚಿದರೆ ಅತ್ತೆಯ ಮಂಚ ಕಾಣುವುದಿಲ್ಲ. ಕಣ್ಣು ತೆರೆದುಕೊಂಡೇ ಒಳಗೆ ಹೋದ.

ಹಿಂದೆ ಮೊರದ ಸದ್ದು ನಿಂತಿತು.

ಶಿವಬಾಯಿ ಒಣಗಿದ ಕಡ್ಡಿಯ ಹಾಗೆ ಆಗಿದ್ದಳು. ಒಂದು ಕೈ ಮಾತ್ರ ಆಡುತ್ತಿತ್ತು. ಆ ಕೈಯಿಂದ ಅವನ ಕೆನ್ನೆ ಮುಟ್ಟಿದಳು, ಗಡ್ಡ ಮುಟ್ಟಿದಳು.

"ಇಷ್ಟು ದಿನ ಎಲ್ಲಿ ಮಲಗಿದ್ದಿಯೋ ಯಪ್ಪಾ?" ಎಂದಳು.

ಅವನು ಉತ್ತರ ಕೊಡುವಷ್ಟರಲ್ಲಿ ನೆಲ ಗುಡುಗಿತು.

ಜಂತೆಯ ಸಂದಿನಿಂದ ಮಣ್ಣು ಉದುರಿತು. ಸಾಯಬಣ್ಣನ ಕಾಲು ಅವನನ್ನು ಕೇಳಲಿಲ್ಲ. ಅವನು ಅಂಗಳದಲ್ಲಿದ್ದ. ಹೇಗೆ ಬಂದನೋ ಅವನಿಗೇ ತಿಳಿಯಲಿಲ್ಲ.

ತಿರುಗಿ ನೋಡಿದ. ತೆರೆದ ಬಾಗಿಲಲ್ಲಿ ಕಂಡಿತು. ಚಂದಮ್ಮ ಯಾವಾಗಲೋ ಒಳಗೆ ಓಡಿ ಹೋಗಿದ್ದಳು. ತಾಯಿಯ ಮೇಲೆ ಬಗ್ಗಿ, ತನ್ನ ಬೆನ್ನನ್ನು ಮಾಳಿಗೆಗೆ ಕೊಟ್ಟು, ಮಂಚದ ಎರಡೂ ಪಟ್ಟಿ ಹಿಡಿದು ನಿಂತಿದ್ದಳು. ಅವಳ ಬೆನ್ನ ಮೇಲೆ ಮಣ್ಣು ಬೀಳುತ್ತಿತ್ತು.

ಸದ್ದು ಇನ್ನೂ ನಿಂತಿರಲಿಲ್ಲ. ಅವನು ಮತ್ತೆ ಒಳಗೆ ಹೋದ. ಮಂಚದ ಈಚೆ ಬದಿಗೆ ನಿಂತು, ಅತ್ತೆಯ ತಲೆಯ ಮೇಲೆ ತಾನೂ ಬಗ್ಗಿದ. ಇಬ್ಬರ ತಲೆಗಳೂ ತಾಗಿದವು.

ಗುಡುಗು ದೂರ ಸರಿಯಿತು. ಮೂವರೂ ಹಾಗೇ ಇದ್ದರು.

"ಪ್ರತೀ ಸಲ ಹಿಂಗೇ ಮಾಡ್ತಿಯೇನು?" ಎಂದು ಅವನು ಕೇಳಿದ.

"ಮತ್ತೇನು ಮಾಡ್ಲಿ?" ಎಂದಳು ಚಂದಮ್ಮ. ಆಮೇಲೆ ಅವನನ್ನು ದಿಟ್ಟಿಸಿ, "ಓಡಿ ಹೋದಿ" ಎಂದಳು.

"ಹೂಂ."

"ತಿರುಗಿ ಬಂದಿ."

"ಹೂಂ."

ಅವಳು ಮುಖ ತಿರುಗಿಸಿ ಸೆರಗಿನಿಂದ ತಾಯಿಯ ಮೇಲಿನ ಮಣ್ಣು ಒರೆಸತೊಡಗಿದಳು. ಬಹಳ ಹೊತ್ತು ಒರೆಸಿದಳು.

ಅವನು ಅತ್ತೆಯ ಕಾಲ ಬಳಿ ಕೂತ.

"ಹೊರಗ ಹೋಗಣ ನಡಿ ಅತ್ತಿ."

"ನಾ ಬರಂಗಿಲ್ಲ. ಮಂದಿ ನಡುವ ಬೈಲಾಗ ಬಿದ್ದಿರಲಾ? ಚಳಿ, ಇರುವಿ, ನಾಯಿ. ನನ್ನ ಮನೀ ಬಿಟ್ಟು ಎಲ್ಲಿ ಹೋಗ್ಲಿ?"

"ನನಗ ಬ್ಯಾರೆ ಏನೂ ಬರಂಗಿಲ್ಲ ಅತ್ತಿ. ಆದರ ಹೊರಗ ಮಲಗೂದು ಬರ್ತದ. ಗಾಳಿ ಯಾವ ಕಡಿಯಿಂದ ಬರ್ತದ, ಮಂಜು ಎಲ್ಲಿ ಬೀಳ್ತದ, ಇರುವಿ ಬರದಂಗ ಏನು ಮಾಡಬೇಕು, ಎಲ್ಲಾ ಗೊತ್ತದ. ನಿನಗ ಒಂದು ಕೂಸಿಗಿ ಮಾಡಿದಂಗ ಜಾಗ ಮಾಡ್ತೀನಿ. ಒಂದಿನ ನೋಡು. ಸೇರದಿದ್ದರ ನಾನೇ ಎತ್ತಿ ಒಳಗ ತಂದು ಮಲಗಸ್ತೀನಿ."

"ನೀನೇ ಒಳಗ ತರ್ತಿ?"

"ನಾನೇ ತರ್ತೀನಿ."

ಮುದುಕಿ ಮಗಳ ಮುಖ ನೋಡಿದಳು. "ಒಂದಿನ ಅಷ್ಟೇ" ಎಂದಳು.

ಅವನು ಹಿತ್ತಲಿನಾಚೆ, ಯಾವ ಗೋಡೆಯೂ ಬಿದ್ದು ಮುಟ್ಟದಷ್ಟು ದೂರದಲ್ಲಿ ಜಾಗ ನೋಡಿದ. ನಾಲ್ಕು ಗೂಟ ನೆಟ್ಟ. ಜೋಳದ ದಂಟು ಹೊದಿಸಿ ಹಗುರವಾದ ಗುಡಿಸಲು ಮಾಡಿದ. ಗಾಳಿಯ ಕಡೆಗೆ ದಪ್ಪ ತಟ್ಟಿ ಕಟ್ಟಿದ. ಸುತ್ತ ಬೂದಿಯ ಗೆರೆ ಹಾಕಿದ. ಮಂಚದ ಕಾಲಿಗೆ ನೀರು ತುಂಬಿದ ಮಣ್ಣಿನ ಬಟ್ಟಲು ಇಟ್ಟ. ಚಂದಮ್ಮ ದಂಟು ಎತ್ತಿ ಎತ್ತಿ ಕೊಟ್ಟಳು.

ಮರುದಿನ ನೆರೆಯವರು ಬಂದು ಕೈ ಜೋಡಿಸಿದರು. ಮಂಚ ಹೊಸ್ತಿಲು ದಾಟಿತು.

ಶಿವಬಾಯಿ ಮೇಲೆ ನೋಡಿದಳು. ಬೆಳಗಿನ ಹೊತ್ತು. ಒಂದು ಹದ್ದು ತಿರುಗುತ್ತಿತ್ತು.

"ನಿಲ್ಲಸ್ರಿ" ಎಂದಳು. ಹೊತ್ತವರು ನಿಂತರು. "ಇದನ್ನ ನೋಡಿ ಎಷ್ಟು ದಿನ ಆತು."

ಮುದುಕಿ ಒಂದು ದಿನ ಇದ್ದಳು. ಇನ್ನೊಂದು ದಿನ ಇದ್ದಳು. ಒಳಗೆ ಒಯ್ಯಿರಿ ಎಂದು ಕೇಳಲೇ ಇಲ್ಲ.

ಸಾಯಬಣ್ಣ ಆಶ್ರಮಕ್ಕೆ ಮರಳಲಿಲ್ಲ. ಹಗಲು ಬೇರೆಯವರ ಹೊಲದಲ್ಲಿ ತೊಗರಿ ಕೊಯ್ಯಲು ಹೋಗುತ್ತಿದ್ದ. ಬಂದ ಮೇಲೆ ಊರಿನಲ್ಲಿ ಕೈಲಾಗದವರಿಗೆ ಗುಡಿಸಲು ಕಟ್ಟಿಕೊಡುತ್ತಿದ್ದ. ಅವನನ್ನು ನೋಡಿ ನಕ್ಕಿದ್ದವರೇ ಬಂದು, ತಟ್ಟಿ ಯಾವ ಕಡೆಗೆ ಕಟ್ಟಲಿ ಎಂದು ಕೇಳುತ್ತಿದ್ದರು.

ಮನೆಯೊಳಗಿಂದ ಏನಾದರೂ ತರಬೇಕಾದರೆ ಅವನೇ ಹೋಗುತ್ತಿದ್ದ. ಮೊದಮೊದಲು ಓಡಿ ಹೋಗಿ ಓಡಿ ಬರುತ್ತಿದ್ದ. ಬರಬರುತ್ತ ನಡೆದು ಹೋದ. ಒಂದು ದಿನ ಉಪ್ಪಿನ ಗಡಿಗೆ ಹುಡುಕುತ್ತ ಎಷ್ಟು ಹೊತ್ತು ಒಳಗೇ ಉಳಿದನೆಂದರೆ, ಚಂದಮ್ಮ ಬಾಗಿಲಿಗೆ ಬಂದು ನೋಡಿದಳು.

"ಏನು ಮಾಡ್ಲಿಕತ್ತಿ?"

"ಉಪ್ಪು ಹುಡಕಲಿಕತ್ತೀನಿ."

"ಉಪ್ಪು ಅಲ್ಲೇ, ನಿನ್ನ ಕಣ್ಣ ಮುಂದ ಅದ" ಎಂದು ಅವಳು ನಕ್ಕಳು. ಅವನು ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ನೆಲ ಗುಡುಗುತ್ತಲೇ ಇತ್ತು. ವಾರಗಟ್ಟಲೆ ಸುಮ್ಮನಿರುತ್ತಿತ್ತು, ಮತ್ತೆ ಬರುತ್ತಿತ್ತು. ಪ್ರತಿ ಸಲವೂ ಅವನು ಹೆದರುತ್ತಿದ್ದ. ಪ್ರತಿ ಸಲವೂ ಅವನು ಮೊದಲು ಚಂದಮ್ಮ ಎಲ್ಲಿದ್ದಾಳೆಂದು ನೋಡುತ್ತಿದ್ದ. ಅವಳು ಕಂಡ ಮೇಲೆ ಕೈಯಲ್ಲಿದ್ದ ಕೆಲಸ ಮುಂದುವರಿಸುತ್ತಿದ್ದ.

ಚಳಿಗಾಲದ ಕೊನೆಯಲ್ಲಿ ಒಂದು ಬೆಳಗ್ಗೆ ಶಿವಬಾಯಿ ತೀರಿಕೊಂಡಳು. ಭೂಮಿಯಿಂದಲ್ಲ, ಮಾಳಿಗೆಯಿಂದಲ್ಲ. ಮುಪ್ಪಿನಿಂದ, ನಿದ್ದೆಯಲ್ಲಿ.

ಮಣ್ಣು ಮಾಡಿ ಬಂದ ಮೇಲೆ ಚಂದಮ್ಮ ಗುಡಿಸಲಿಗೆ ಹೋಗಲಿಲ್ಲ. ಅಂಗಳದಲ್ಲಿ ಕೂತು ಮನೆಯನ್ನೇ ನೋಡುತ್ತಿದ್ದಳು. ಉತ್ತರಕ್ರಿಯೆಗಳೆಲ್ಲ ಮುಗಿದು ಬಂದವರು ಹೋದ ಮೇಲೂ ಸಂಜೆ ಹೊತ್ತು ಹಾಗೇ ಕೂತಿರುತ್ತಿದ್ದಳು. ಗೋಡೆಯಲ್ಲಿ ಉದ್ದಕ್ಕೆ ಒಂದು ಬಿರುಕು ಬಿಟ್ಟಿತ್ತು. ಮನೆ ನಿಂತಿತ್ತು.

ಸಾಯಬಣ್ಣ ಅವಳ ಪಕ್ಕದಲ್ಲಿ ಕೂತ.

"ಒಳಗ ಮಲಗಬೇಕು ಅನಸ್ತದೇನು?"

"ಅನಸ್ತದ" ಎಂದಳು. "ಒಲಿ ಮಗ್ಗಲದ ಆ ಮೂಲ್ಯಾಗ. ಸಣ್ಣಾಕಿ ಇದ್ದಾಗಿಂದ ಅಲ್ಲೇ ಮಲಗಿದೆ. ಕಣ್ಣು ಮುಚ್ಚಿದರ ಆ ಮೂಲಿ ವಾಸನಿ ಬರ್ತದ."

ಅವನು ಎದ್ದು ನಿಂತ.

"ನಡಿ. ನಾನೂ ಬರ್ತೀನಿ."

ಚಂದಮ್ಮ ತಲೆ ಎತ್ತಿ ಅವನನ್ನು ನೋಡಿದಳು. ಅವನ ಕಣ್ಣು ಬಾಗಿಲಾಚೆಯ ತೊಲೆಗಳ ಮೇಲೆ ನೆಟ್ಟಿರುವುದು ಕಂಡಿತು. ಅವನು ಹಿಂದೆ ಸರಿಯದಿರುವುದೂ ಕಂಡಿತು.

"ಖರೇನೆ ಬರ್ತಿ?"

"ಖರೇನೆ."

"ಬ್ಯಾಡ" ಎಂದಳು. "ನೀ ಬರ್ತೀನಿ ಅಂದಿ. ನಾ ಇಷ್ಟು ವರ್ಷ ಅದನ್ನ ಕೇಳಲಿಕ್ಕ ಬಾಗಿಲ ತೆರೆದಿಟ್ಟಿದ್ದೆ. ಗೋಡಿ ಬಿರಕ ಬಿಟ್ಟದ. ಇಬ್ಬರೂ ಹೊರಗೇ ಮಲಗಣ."

ಅವಳು ಎದ್ದು ಹೋಗಿ, ಮನೆಯ ಬಾಗಿಲನ್ನು ಮೆಲ್ಲಗೆ ಮುಚ್ಚಿ ಚಿಲಕ ಹಾಕಿದಳು. ಅತ್ತಳು. ಅವನು ತಡೆಯಲಿಲ್ಲ.

ಬೇಸಿಗೆ ಬಂತು. ಇಬ್ಬರೂ ಮುತ್ಯಾನನ್ನು ನೋಡಲು ಹೊರಟರು. ಬಿಸಿಲು ಏರುವ ಮೊದಲೇ ಹೊರಟರೂ ಆಶ್ರಮ ಮುಟ್ಟುವಾಗ ನೆತ್ತಿಯ ಮೇಲೆ ಸೂರ್ಯ. ಹಳ್ಳ ಒಣಗಿತ್ತು. ಕಾಲಿಗೆಲ್ಲ ಧೂಳು.

ಮುತ್ಯಾನ ಮಂಚ ಇನ್ನೂ ಅಂಗಳದಲ್ಲೇ ಇತ್ತು. ಅವನು ಬಹಳ ಸೊರಗಿದ್ದ. ಸಾಯಬಣ್ಣ ಓಡಿ ಹೋಗಿ ಕಾಲಿಗೆ ಬಿದ್ದ. ಚಂದಮ್ಮ ಹೊಸಬಳು. ಕರೆಯದೆ ಹೇಗೆ ಬರುವುದೆಂದು ಅಂಗಳದ ಅಂಚಿನಲ್ಲಿ ಬಿಸಿಲಿನಲ್ಲೇ ನಿಂತಳು.

ಸಾಯಬಣ್ಣನಿಗೆ ಹೇಳುವುದು ಬಹಳ ಇತ್ತು. ಅತ್ತೆಯ ವಿಷಯ ಹೇಳಿದ, ಗುಡಿಸಲುಗಳ ವಿಷಯ ಹೇಳಿದ. ಕೊನೆಗೆ, ಇಷ್ಟು ದಿನ ಎದೆಯಲ್ಲಿಟ್ಟುಕೊಂಡದ್ದನ್ನು ಕೇಳಿದ.

"ಮುತ್ಯಾ, ಮೊನ್ನೆನೂ ಗುಡುಗಿತು. ದೊಡ್ಡದು ಇನ್ನೂ ಬಂದಿಲ್ಲ. ಅದು ಬರ್ತದೇನು? ಬಂದರ ನಾವು ತಡಕೋತೀವೇನು?"

ಮುತ್ಯಾ ಅವನ ಹೆಗಲಾಚೆ ನೋಡಿದ.

"ಬರೂದು ಬರ್ತದ ಸಾಯಬಣ್ಣಾ. ಬಂದಾಕಿ ಬಿಸಲಾಗ ನಿಂತಾಳ. ಮೊದಲು ಆಕಿಗಿ ಕುಡೀಲಿಕ್ಕ ನೀರು ಕೊಡು."